ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ ವಾರದಲ್ಲೇ ಎಚ್‌ಬಿಎಸ್‌ಎಜಿ ‘ರಿಯಾಕ್ಟಿವ್’: ಲ್ಯಾಬಿನವರು, ಡಾಕ್ಟರು, ಗಲ್ಫ್ ಮೆಡಿಕಲ್‌ಗೆ ಹೋದವರು ದಯವಿಟ್ಟು ತಿಳಿಸಿ

ಕಾರ್ಕಳದಣ್ಣ

ಎಲ್ಲರಿಗೂ ನಮಸ್ಕಾರ. ತಂಗಿಯ ವಿಷಯದಲ್ಲಿ ಸ್ವಲ್ಪ ಮಾಹಿತಿ ಬೇಕಿತ್ತು. ಅವಳು ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಸೌದಿಯಲ್ಲಿ ಕೆಲಸ ಆಗಿ, ಏಜೆನ್ಸಿಯವರು ಮೆಡಿಕಲ್ ತಪಾಸಣೆಗೆ ದಿನ ಗೊತ್ತು ಮಾಡಿದ್ರು. ಅದೇ ಸಮಯಕ್ಕೆ ಆಸ್ಪತ್ರೆಯಲ್ಲಿ ಲಸಿಕೆ ಆಗದ ಸಿಬ್ಬಂದಿಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಕೊಟ್ಟಿದ್ದಾರೆ. ಇವಳೂ ಮೊದಲನೇ ಡೋಸ್ ಹಾಕಿಸಿಕೊಂಡಿದ್ದಾಳೆ. ಮೆಡಿಕಲ್‌ನಲ್ಲಿ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಸಿ ಎಲ್ಲ ಸರಿ ಉಂಟು. ಎಚ್‌ಬಿಎಸ್‌ಎಜಿ ಅಂತ ಹೆಪಟೈಟಿಸ್ ಬಿಯ ಪರೀಕ್ಷೆ ಮಾತ್ರ ‘ರಿಯಾಕ್ಟಿವ್’, ಅಂದ್ರೆ ಪಾಸಿಟಿವ್. ಅನ್‌ಫಿಟ್ ಅಂತ ಹೇಳಿ ಕಳಿಸಿದ್ರು.

ಅಮ್ಮ ಊಟ ಬಿಟ್ಟು ಕೂತಿದ್ದಾರೆ. ತಂಗಿಯ ಮದುವೆ ಮಾತುಕತೆಯೂ ನಡೀತಾ ಉಂಟು. ಏಜೆನ್ಸಿಯವ ‘ಇದು ಒಮ್ಮೆ ಬಂದ್ರೆ ಹೋಗುದಿಲ್ಲ’ ಅಂದುಬಿಟ್ಟ. ಲಸಿಕೆಯಿಂದಲೂ ಹೀಗೆ ತೋರಿಸಬಹುದು ಅಂತ ತಂಗಿ ಹೇಳ್ತಾಳೆ, ಆದ್ರೆ ಅವಳಿಗೂ ಧೈರ್ಯ ಇಲ್ಲ. ಇತ್ತೀಚೆಗೆ ಲಸಿಕೆ ಹಾಕಿಸಿದ್ರಾ ಅಂತ ಮೆಡಿಕಲ್ ಸೆಂಟರ್‌ನಲ್ಲಿ ಯಾರೂ ಕೇಳಲಿಲ್ಲವಂತೆ. ಇದು ನಿಜವಾ? ಮುಂದೆ ಎಂತ ಮಾಡುದು?

ಹುಬ್ಬಳ್ಳಿ ಲ್ಯಾಬ್

ಅಣ್ಣಾರ, ಮೊದಲ ಅಮ್ಮಾರಿಗೆ ಊಟಕ್ಕ ಎಬ್ಬಸ್ರಿ. ನಿಮ್ಮ ತಂಗಿ ಹೇಳೋದು ಖರೇ ಐತಿ. ನಾ ಭಾಳ ವರ್ಷದಿಂದ ಲ್ಯಾಬಿನ್ಯಾಗ ಕೆಲಸಾ ಮಾಡ್ತೀನಿ, ಇಂಥ ರಿಪೋರ್ಟ್ ಕಣ್ಣಾರೆ ನೋಡೇನಿ.

ಎಚ್‌ಬಿಎಸ್‌ಎಜಿ ಅಂದ್ರ ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈ ಮ್ಯಾಲಿನ ಪ್ರೋಟೀನು. ಲಸಿಕೆ ಒಳಗ ಇರೋದೂ ಅದ. ಅದನ್ನ ಯೀಸ್ಟ್ ಕೋಶದಾಗ ಬೆಳಸಿ, ಶುದ್ಧ ಮಾಡಿ ತುಂಬಿರ್ತಾರ. ಅದರಾಗ ವೈರಸ್ ಇಲ್ಲ, ರೋಗ ಬರಲಿಕ್ಕೆ ದಾರೀನೂ ಇಲ್ಲ. ಆದ್ರ ನಮ್ಮ ಮಷೀನ್ ಹುಡಕೋದು ಆ ಪ್ರೋಟೀನನ್ನ. ಅದು ವೈರಸ್ಸಿನಿಂದ ಬಂತೋ, ಸೂಜಿಯಿಂದ ಬಂತೋ ಅನ್ನೋದು ಮಷೀನಿಗೆ ತಿಳಿಯಂಗಿಲ್ಲ.

ಲೆಕ್ಕ ಹಾಕಿ ನೋಡ್ರಿ. ದೊಡ್ಡವರ ಡೋಸಿನ್ಯಾಗ ಸಾಮಾನ್ಯವಾಗಿ 20 ಮೈಕ್ರೊಗ್ರಾಂ ಇರ್ತದ, ಅಂದ್ರ 20,000 ನ್ಯಾನೊಗ್ರಾಂ. ಮನುಷ್ಯನ ಮೈಯಾಗ ಪ್ಲಾಸ್ಮಾ ಸುಮಾರು 3 ಲೀಟರ್. ಎಲ್ಲಾ ಒಮ್ಮೆಲೇ ರಕ್ತಕ್ಕ ಇಳದ್ರ ಒಂದು ಮಿಲಿಗೆ ಆರೇಳು ನ್ಯಾನೊಗ್ರಾಂ ಆಗ್ತದ. ಒಮ್ಮೆಲೇ ಇಳಿಯಂಗಿಲ್ಲ ಅನ್ನೋದು ಬ್ಯಾರೆ ಮಾತು, ಲಸಿಕೆ ಸ್ನಾಯುವಿನಾಗ ಕುಂತು ನಿಧಾನಕ್ಕ ಕರಗ್ತದ. ಆದ್ರ ಈಗಿನ ಕೀಮಿಲ್ಯುಮಿನೆಸೆನ್ಸ್ (ಬೆಳಕಿನ ಹೊಳಪು ಅಳದು ಹೇಳೋ) ಮಷೀನು ಮಿಲಿಗೆ ಒಂದು ನ್ಯಾನೊಗ್ರಾಂಕಿಂತ ಕಡಿಮಿ ಇದ್ರೂ ಹಿಡೀತಾವು. ಅಷ್ಟು ಸಣ್ಣ ಪಾಲು ರಕ್ತಕ್ಕ ಬಂದ್ರೂ ಸಾಕು, ರಿಯಾಕ್ಟಿವ್.

ಈಗ ನನಗ ನಾಕು ವಿಷಯ ಹೇಳ್ರಿ. ಲಸಿಕೆ ಹಾಕಿಸಿದ ತಾರೀಖು ಮತ್ತ ರಕ್ತ ತಗದ ತಾರೀಖು. ಯಾವ ವಿಧಾನದಾಗ ಮಾಡ್ಯಾರ, ಕಾರ್ಡೋ, ಎಲೈಸಾನೋ, ಕೀಮಿಲ್ಯುಮಿನೆಸೆನ್ಸೋ. ರಿಪೋರ್ಟಿನ್ಯಾಗ ಬರೇ ‘ರಿಯಾಕ್ಟಿವ್’ ಅಂತ ಐತೋ, ಸಂಖ್ಯಾನೂ ಐತೋ. ಮತ್ತ ಲಸಿಕೆಕಿಂತ ಮೊದಲ ಎಂದಾದ್ರೂ ಎಚ್‌ಬಿಎಸ್‌ಎಜಿ ಮಾಡಿಸಿದ್ರೋ ಹೆಂಗ.

ಕಾರ್ಕಳದಣ್ಣ

ತುಂಬ ಉಪಕಾರ ಸರ್. ಲಸಿಕೆಗೂ ರಕ್ತ ತೆಗೆದದ್ದಕ್ಕೂ ಒಂದು ವಾರವೂ ಅಂತರ ಇಲ್ಲ. ರಿಪೋರ್ಟ್‌ನಲ್ಲಿ ಕೀಮಿಲ್ಯುಮಿನೆಸೆನ್ಸ್ ಅಂತ ಉಂಟು. ಕಟ್ ಆಫ್ (ಇದನ್ನು ದಾಟಿದ್ರೆ ರಿಯಾಕ್ಟಿವ್) 1.00, ತಂಗಿಯದ್ದು 1.8. ಆಸ್ಪತ್ರೆಗೆ ಸೇರುವಾಗ ಮಾಡಿಸಿದ ಎಚ್‌ಬಿಎಸ್‌ಎಜಿ ನಾನ್ ರಿಯಾಕ್ಟಿವ್ ಇತ್ತು, ಆ ಕಾಗದ ಸಿಕ್ಕಿತು. ಇನ್ನೊಂದು ಗೊಂದಲ ಉಂಟು. ನಿನ್ನೆ ಇಲ್ಲೇ ಪೇಟೆಯ ಲ್ಯಾಬ್‌ನಲ್ಲಿ ಕಾರ್ಡ್ ಟೆಸ್ಟ್ ಮಾಡಿಸಿದ್ವಿ, ಅದು ನೆಗೆಟಿವ್! ಯಾವುದನ್ನು ನಂಬುದು?

ಕೊಪ್ಪದ ಹುಡುಗ

ಕಾರ್ಡ್ ನೆಗೆಟಿವ್ ಬಂದಿದೆಯಲ್ಲ ಮಾರಾಯ್ರೆ, ಅದನ್ನೇ ಹಿಡ್ಕೊಂಡು ಇನ್ನೊಂದು ಸೆಂಟರ್‌ಗೆ ಹೋಗಿ. ತಲೆಬಿಸಿ ಯಾಕೆ?

ಹುಬ್ಬಳ್ಳಿ ಲ್ಯಾಬ್

ಹಂಗ ಮಾಡಬ್ಯಾಡ್ರಿ. ಕಾರ್ಡಿಗೆ ಕಾಣಬೇಕಂದ್ರ ಪ್ರೋಟೀನು ಇನ್ನಷ್ಟು ಹೆಚ್ಚಿರಬೇಕು. ಕಡಿಮಿ ಮಟ್ಟದ ಖರೇ ಸೋಂಕನ್ನೂ ಕಾರ್ಡು ತಪ್ಪಿಸಿಬಿಡ್ತದ. ಹಂಗಾಗಿ ‘ಕಾರ್ಡ್ ನೆಗೆಟಿವ್’ ಅನ್ನೋದು ಸಮಾಧಾನಕ್ಕ ಆದೀತು, ಸಾಕ್ಷಿಗೆ ಆಗಂಗಿಲ್ಲ. ಇಲ್ಲಿ ಎರಡೂ ರಿಪೋರ್ಟಿನ ನಡುವ ಜಗಳ ಇಲ್ರಿ. ರಕ್ತದಾಗ ಬಾಳ ಸ್ವಲ್ಪ ಇದ್ದದ್ದನ್ನ ಒಂದು ಕಂಡತಿ, ಇನ್ನೊಂದು ಕಂಡಿಲ್ಲ.

1.8 ಅನ್ನೋದು ಕಟ್ ಆಫ್ ದಾಟಿ ಸ್ವಲ್ಪ ಮ್ಯಾಲೆ. ವರ್ಷಗಟ್ಟಲೆ ಹೆಪಟೈಟಿಸ್ ಬಿ ಇರೋರ ರಕ್ತದಾಗ ಈ ಪ್ರೋಟೀನು ಸಾವಿರಗಟ್ಟಲೆ ಯೂನಿಟ್ ಇರೋದೇ ಹೆಚ್ಚು, ಮಷೀನಿನ ಸಂಖ್ಯಾನೂ ನೂರು, ಸಾವಿರ ದಾಟಿರ್ತದ. ಲಸಿಕೆಯಿಂದ ಬಂದದ್ದು ಹಿಂಗ ಹೊಸ್ತಿಲ ಮ್ಯಾಲೆ ನಿಂತಿರ್ತದ. ಹಂಗಂತ ಸಂಖ್ಯಾ ಒಂದ ನೋಡಿ ತೀರ್ಮಾನ ಮಾಡಲಿಕ್ಕೆ ಬರಂಗಿಲ್ಲ. ಡಾಕ್ಟ್ರು ಯಾರರೆ ಇದ್ರ ಮುಂದಿಂದು ಹೇಳ್ರಿ.

ಮೈಸೂರು ಫಿಸಿಶಿಯನ್

ಹುಬ್ಬಳ್ಳಿಯವರು ಸರಿಯಾಗಿ ಹೇಳಿದ್ದಾರೆ. ನಾನು ಅದಕ್ಕೆ ವೈದ್ಯಕೀಯ ಭಾಗ ಸೇರಿಸುತ್ತೇನೆ.

ಲಸಿಕೆಯಿಂದ ಬರುವ ಈ ಪಾಸಿಟಿವ್ ತಾತ್ಕಾಲಿಕ. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ 18 ದಿನದೊಳಗೆ ಮಾಯವಾಗುತ್ತದೆ. ಅದಕ್ಕೇ ಅಮೆರಿಕದ ಸಿಡಿಸಿ ಸಂಸ್ಥೆ ಲಸಿಕೆ ಹಾಕಿಸಿದ ನಾಲ್ಕು ವಾರಗಳೊಳಗೆ ಎಚ್‌ಬಿಎಸ್‌ಎಜಿ ಪರೀಕ್ಷೆ ಬೇಡ ಎನ್ನುತ್ತದೆ. ಪರೀಕ್ಷೆ ಬೇಕಿದ್ದರೆ ಲಸಿಕೆಗೆ ಮುಂಚೆ ರಕ್ತ ತೆಗೆಯಬೇಕು, ಇಲ್ಲವೇ ನಾಲ್ಕು ವಾರ ಕಳೆಯಬೇಕು.

ಕೆಲವರು ‘ಕನ್ಫರ್ಮೇಟರಿ ಟೆಸ್ಟ್ ಮಾಡಿಸಿ’ ಎನ್ನುತ್ತಾರೆ. ಇದು ನ್ಯೂಟ್ರಲೈಸೇಶನ್ ಪರೀಕ್ಷೆ. ಬೇರೆ ಯಾವುದೋ ವಸ್ತುವಿಗೆ ಮಷೀನ್ ತಪ್ಪಾಗಿ ಸ್ಪಂದಿಸಿದ್ದರೆ ಇದು ಹಿಡಿದುಕೊಡುತ್ತದೆ. ಆದರೆ ಲಸಿಕೆಯ ಸಂದರ್ಭದಲ್ಲಿ ರಕ್ತದಲ್ಲಿರುವುದು ನಿಜವಾದ ಎಚ್‌ಬಿಎಸ್‌ಎಜಿಯೇ. ಹಾಗಾಗಿ ಕನ್ಫರ್ಮೇಟರಿಯೂ ಪಾಸಿಟಿವ್ ಎಂದೇ ಬರುತ್ತದೆ. ‘ಕನ್ಫರ್ಮ್ಡ್ ಪಾಸಿಟಿವ್’ ಎಂಬ ಪದ ನೋಡಿ ಕುಸಿದು ಕೂತ ಕುಟುಂಬಗಳನ್ನು ಕಂಡಿದ್ದೇನೆ. ದಯವಿಟ್ಟು ಇದನ್ನು ನೆನಪಿಡಿ.

ವ್ಯತ್ಯಾಸ ತೋರಿಸುವುದು ಬೇರೆ ಎರಡು ಪರೀಕ್ಷೆಗಳು. ಒಂದು, ಆಂಟಿ-ಎಚ್‌ಬಿಸಿ ಟೋಟಲ್. ಅಂದರೆ ವೈರಸ್ಸಿನ ಒಳಗಿನ ಕೋರ್ ಪ್ರೋಟೀನಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯ. ವೈರಸ್ಸನ್ನು ತೆಂಗಿನಕಾಯಿ ಎಂದುಕೊಂಡರೆ, ಅದರ ಸಿಪ್ಪೆಯಷ್ಟೇ ಲಸಿಕೆಯಲ್ಲಿದೆ, ಒಳಗಿನ ಕಾಯಿ ಇಲ್ಲ. ಕೋರ್ ಅನ್ನೇ ಕಾಣದ ದೇಹ ಅದಕ್ಕೆ ಪ್ರತಿಕಾಯ ಮಾಡುವುದಿಲ್ಲ, ಅದು ಬರುವುದು ನಿಜವಾದ ಸೋಂಕಿನಲ್ಲಿ. ಎರಡನೆಯದು ಎಚ್‌ಬಿವಿ ಡಿಎನ್‌ಎ. ಲಸಿಕೆಯಲ್ಲಿ ವೈರಸ್ಸಿನ ಡಿಎನ್‌ಎ ಇಲ್ಲ, ಆದ್ದರಿಂದ ರಕ್ತದಲ್ಲೂ ಸಿಗಬಾರದು.

ಆದರೆ ಒಂದು ಎಚ್ಚರಿಕೆ. ಸೋಂಕು ತಗುಲಿದ ಮೇಲೆ ಎಚ್‌ಬಿಎಸ್‌ಎಜಿ ಒಂದರಿಂದ ಒಂಬತ್ತು ವಾರದೊಳಗೆ ಕಾಣಿಸುತ್ತದೆ, ಸರಾಸರಿ ನಾಲ್ಕು ವಾರ. ಕೋರ್ ಪ್ರತಿಕಾಯ ಬರುವುದು ಅದಕ್ಕಿಂತ ತಡವಾಗಿ. ನಿಮ್ಮ ತಂಗಿ ಕೆಲಸ ಮಾಡುವುದು ಓಟಿಯಲ್ಲಿ. ಇತ್ತೀಚೆಗೆ ಸೂಜಿ ಚುಚ್ಚಿದ್ದು, ರಕ್ತ ಸಿಡಿದದ್ದು ಏನಾದರೂ ಇದ್ದರೆ, ಕೋರ್ ಪ್ರತಿಕಾಯ ನೆಗೆಟಿವ್ ಎಂಬುದೊಂದನ್ನೇ ನಂಬಿ ಕೂರುವಂತಿಲ್ಲ. ಡಿಎನ್‌ಎ ಮಾಡಿಸಿ, ಲಸಿಕೆಯ ದಿನದಿಂದ ನಾಲ್ಕು ವಾರ ದಾಟಿದ ಮೇಲೆ ಎಚ್‌ಬಿಎಸ್‌ಎಜಿ ಮತ್ತೆ ಮಾಡಿಸಿ. ಲಿವರ್‌ಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಎಎಲ್‌ಟಿ, ಎಎಸ್‌ಟಿ ಕೂಡ ನೋಡಲಿ. ಅಲ್ಲಿಯವರೆಗೆ ಎರಡನೇ ಡೋಸ್ ಬೇಡ. ಹಾಕಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಣದ ತೊಂದರೆ ಇದ್ದರೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿಗೆ ಪರೀಕ್ಷೆ, ಔಷಧ ಉಚಿತ.

ಕೊಪ್ಪದ ಹುಡುಗ

ಡಾಕ್ಟ್ರೇ, ಹಾಗಾದ್ರೆ ಲಸಿಕೆ ಹಾಕಿಸಿದವರೆಲ್ಲ ಪಾಸಿಟಿವ್ ಬರಬೇಕಲ್ವಾ? ನಮ್ಮೂರಲ್ಲಿ ಎಷ್ಟೋ ಮಂದಿ ಹಾಕಿಸಿದ್ದಾರೆ, ಯಾರಿಗೂ ಹೀಗಾಗಿದ್ದು ಕೇಳಿಲ್ಲ.

ಮೈಸೂರು ಫಿಸಿಶಿಯನ್

ಲಸಿಕೆ ಹಾಕಿಸಿದ ವಾರದಲ್ಲೇ ಎಚ್‌ಬಿಎಸ್‌ಎಜಿ ಮಾಡಿಸುವ ಸಂದರ್ಭ ಎಷ್ಟು ಜನಕ್ಕೆ ಬರುತ್ತದೆ? ಪರೀಕ್ಷೆ ಮಾಡದಿದ್ದರೆ ಗೊತ್ತೇ ಆಗುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಪರೀಕ್ಷೆ ಮಾಡಿದರೂ ಎಲ್ಲರಲ್ಲೂ ಕಾಣುವುದಿಲ್ಲ. ಎಷ್ಟು ದಿನಕ್ಕೆ ರಕ್ತ ತೆಗೆದರು, ಯಾವ ಲಸಿಕೆ, ಎಷ್ಟು ಮೈಕ್ರೊಗ್ರಾಂ, ಮಷೀನಿನ ಸೂಕ್ಷ್ಮತೆ ಎಷ್ಟು, ಇವೆಲ್ಲದರ ಮೇಲೆ ನಿಂತಿದೆ. ಸಿಕ್ಕಿಬೀಳುವವರು ಎಂದರೆ ಪದೇ ಪದೇ ರಕ್ತಪರೀಕ್ಷೆಗೆ ಒಳಗಾಗುವವರು. ಡಯಾಲಿಸಿಸ್ ರೋಗಿಗಳು, ರಕ್ತದಾನಿಗಳು, ಆಪರೇಷನ್‌ಗೆ ಸೇರಿದವರು, ವಿದೇಶಕ್ಕೆ ಹೊರಟವರು.

ಬನಶಂಕರಿ ಮಗ

ಡಯಾಲಿಸಿಸ್ ಅಂದ್ರಲ್ಲ ಮೇಡಂ, ಅದಕ್ಕೇ ಬರೀತಿದ್ದೀನಿ. ನಮ್ಮ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದೆ. ಅವರಿಗೆ ಕೊಡೋ ಹೆಪಟೈಟಿಸ್ ಬಿ ಲಸಿಕೆ ಮಾಮೂಲಿಗಿಂತ ಎರಡು ಪಟ್ಟು, 40 ಮೈಕ್ರೊಗ್ರಾಂ, ಎರಡೂ ತೋಳಿಗೆ ಹಾಕಿದ್ರು. 0, 1, 2, 6 ತಿಂಗಳು ಅಂತ ನಾಲ್ಕು ಡೋಸ್. ತಿಂಗಳ ರಕ್ತಪರೀಕ್ಷೆ ಎರಡನೇ ಡೋಸ್ ಆದ ಸ್ವಲ್ಪ ದಿನಕ್ಕೇ ಬಿತ್ತು. ಎಚ್‌ಬಿಎಸ್‌ಎಜಿ ರಿಯಾಕ್ಟಿವ್.

ಅವತ್ತಿನಿಂದ ಅಪ್ಪನಿಗೆ ಬೇರೆ ಕೋಣೆ, ಬೇರೆ ಮಷೀನು. ಆ ಯೂನಿಟ್‌ನ ಹಿರಿಯ ಸಿಸ್ಟರ್ ಒಬ್ಬರು ಲಸಿಕೆ ರಿಜಿಸ್ಟರ್ ತೆಗೆದು ತಾರೀಖು ತೋರಿಸಿ ನೆಫ್ರಾಲಜಿಸ್ಟ್‌ಗೆ ಹೇಳಿದ್ದಕ್ಕೆ ವಿಷಯ ಹೊರಗೆ ಬಂತು. ಡಿಎನ್‌ಎ ಇರಲಿಲ್ಲ, ಮುಂದಿನ ಪರೀಕ್ಷೆಗಳಲ್ಲಿ ಎಚ್‌ಬಿಎಸ್‌ಎಜಿ ಕೂಡ ಹೋಯ್ತು. ಅಷ್ಟರಲ್ಲಿ ಅಪ್ಪ ತಾವೇ ಎಲ್ಲರಿಂದ ದೂರ ಕೂತುಬಿಟ್ಟಿದ್ರು. ಮೊಮ್ಮಗಳನ್ನು ಹತ್ತಿರ ಕರೀತಿರಲಿಲ್ಲ. ಊಟದ ತಟ್ಟೆ, ಲೋಟ ಬೇರೆ ಮಾಡಿ ಅಂತ ಅಮ್ಮನಿಗೆ ಹೇಳ್ತಿದ್ರು. ಆ ಸಿಸ್ಟರ್‌ಗೆ ನಮ್ಮ ಮನೆಯವರೆಲ್ಲ ಇವತ್ತಿಗೂ ಕೈ ಮುಗೀತೀವಿ.

ಮೈಸೂರು ಫಿಸಿಶಿಯನ್

ನಿಮ್ಮ ತಂದೆಯವರಿಗೆ ಬೇರೆ ಮಷೀನ್ ಕೊಟ್ಟದ್ದು ಸರಿಯೇ. ಡಯಾಲಿಸಿಸ್ ಯೂನಿಟ್‌ನಲ್ಲಿ ಹೆಪಟೈಟಿಸ್ ಬಿ ಹರಡಿದರೆ ತಡೆಯುವುದು ಬಹಳ ಕಷ್ಟ. ಈ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕುತ್ತದೆ. ತೀರ್ಮಾನವಾಗುವವರೆಗೆ ಪ್ರತ್ಯೇಕ ಇಡಲೇಬೇಕು. ಆದರೆ ಪ್ರತ್ಯೇಕ ಇಡುವಾಗಲೇ ‘ಇದು ಲಸಿಕೆಯಿಂದಲೂ ಇರಬಹುದು, ನೋಡೋಣ’ ಎಂಬ ಒಂದು ಮಾತನ್ನು ರೋಗಿಗೆ ಹೇಳಬೇಕಿತ್ತು. ಡಯಾಲಿಸಿಸ್‌ನವರಲ್ಲಿ ಲಸಿಕೆಯ ಪ್ರೋಟೀನು ಆರೋಗ್ಯವಂತರಿಗಿಂತ ಹೆಚ್ಚು ದಿನ ರಕ್ತದಲ್ಲಿ ಉಳಿಯುವುದುಂಟು, ಡೋಸೂ ದೊಡ್ಡದು. ತಿಂಗಳ ಪರೀಕ್ಷೆಯ ರಕ್ತವನ್ನು ಲಸಿಕೆ ಚುಚ್ಚುವ ಮೊದಲೇ, ಅದೇ ದಿನ ತೆಗೆದಿಟ್ಟರೆ ಈ ಗೋಜಲು ಬಹುಮಟ್ಟಿಗೆ ತಪ್ಪುತ್ತದೆ.

ತಟ್ಟೆ, ಲೋಟದ ಮಾತು ಬಂದಿದ್ದರಿಂದ ಹೇಳುತ್ತೇನೆ. ಹೆಪಟೈಟಿಸ್ ಬಿ ನಿಜವಾಗಿ ಇದ್ದವರಿಂದಲೂ ಒಟ್ಟಿಗೆ ಊಟ ಮಾಡಿದರೆ, ಮಗುವನ್ನು ಎತ್ತಿಕೊಂಡರೆ ಹರಡುವುದಿಲ್ಲ. ರಕ್ತ, ಲೈಂಗಿಕ ಸಂಪರ್ಕ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ಇವು ಅದರ ದಾರಿಗಳು. ರೇಜರ್, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬಾರದು, ಅಷ್ಟೇ.

ದಾವಣಗೆರೆ ದಾನಿ

ನಾನು ಖಾಯಂ ರಕ್ತದಾನಿ. ಲಸಿಕೆ ಹಾಕಿಸಿದ ಮೇಲೆ ರಕ್ತ ಕೊಟ್ಟರೆ ಏನಾಗುತ್ತೆ? ಅವರು ಆ ಚೀಲ ಬಿಸಾಡಿಬಿಡ್ತಾರಾ?

ಹುಬ್ಬಳ್ಳಿ ಲ್ಯಾಬ್

ಹೌದ್ರಿ. ರಿಯಾಕ್ಟಿವ್ ಬಂದ ಚೀಲ ಯಾರಿಗೂ ಏರಿಸಂಗಿಲ್ಲ, ನಾಶ ಮಾಡ್ತಾರ. ನಿಮ್ಮ ಹೆಸರೂ ದಾನಿಗಳ ಪಟ್ಟಿಯಿಂದ ಬಿಟ್ಟು ಹೋಗಬಹುದು. ಒಳ್ಳೆ ದಾನಿ ಒಬ್ಬ ಹಿಂಗ ಕೈಬಿಟ್ಟು ಹೋಗೋದು ಭಾಳ ಸಂಕಟದ ಮಾತು. ಅಮೆರಿಕನ್ ರೆಡ್ ಕ್ರಾಸ್‌ನವರು ಹೆಪಟೈಟಿಸ್ ಬಿ ಲಸಿಕೆ ಆದ ಮ್ಯಾಲೆ 21 ದಿನ ಕಾಯಲಿಕ್ಕೆ ಹೇಳ್ತಾರ. ನಮ್ಮಲ್ಲೆ ರಕ್ತನಿಧಿಯವರು ಕೊಡೋ ಫಾರ್ಮಿನ್ಯಾಗ ಲಸಿಕೆ ಬಗ್ಗೆ ಪ್ರಶ್ನೆ ಇರ್ತದ. ಅದನ್ನ ಓದದ ‘ಇಲ್ಲ’ ಅಂತ ಗೀಚಬ್ಯಾಡ್ರಿ. ಯಾವ ಲಸಿಕೆ, ಯಾವ ತಾರೀಖು ಬರೀರಿ. ನನ್ನ ಕೇಳಿದ್ರ ಒಂದು ತಿಂಗಳು ಬಿಟ್ಟು ಹೋಗ್ರಿ. ನಿಮ್ಮ ರಕ್ತ ಎಲ್ಲೂ ಓಡಿ ಹೋಗಂಗಿಲ್ಲ.

ಮಲೆನಾಡ ಮದ್ದು

ಎಲ್ಲರೂ ಟೆಸ್ಟ್ ಟೆಸ್ಟ್ ಅಂತೀರಿ. ನಮ್ಮಲ್ಲಿ ನೆಲನೆಲ್ಲಿ ಅರೆದು ಹಾಲಲ್ಲಿ ಕೊಡ್ತಾರೆ. ಮೂರು ದಿನ ಪಥ್ಯ ಮಾಡಿದ್ರೆ ಎಂಥ ಕಾಮಾಲೆಯೂ ಇಳಿಯುತ್ತೆ. ಆ ಹುಡುಗಿಗೆ ಅದನ್ನೇ ಕೊಡಿ, ಮುಂದಿನ ತಿಂಗಳು ನೆಗೆಟಿವ್ ಬರುತ್ತೆ ನೋಡಿ.

ಮೈಸೂರು ಫಿಸಿಶಿಯನ್

ಈ ಹುಡುಗಿಗೆ ಏನೂ ಕೊಡದೆ ಇದ್ದರೂ ಮುಂದಿನ ತಿಂಗಳು ನೆಗೆಟಿವ್ ಬರುವ ಸಾಧ್ಯತೆಯೇ ಹೆಚ್ಚು. ಆಗ ಅದರ ಶ್ರೇಯಸ್ಸು ಮದ್ದಿಗೆ ಹೋಗುತ್ತದೆ. ಅದನ್ನು ಕೇಳಿದ ಇನ್ನೊಬ್ಬರು, ನಿಜವಾಗಿ ಹೆಪಟೈಟಿಸ್ ಬಿ ಇರುವವರು, ಆಸ್ಪತ್ರೆ ಬಿಟ್ಟು ಮದ್ದಿಗೆ ಹೋಗುತ್ತಾರೆ. ನನ್ನ ಭಯ ಅದು.

ನೆಲನೆಲ್ಲಿಯನ್ನು ವಿಜ್ಞಾನಿಗಳು ಕಡೆಗಣಿಸಿಲ್ಲ. ಹೆಪಟೈಟಿಸ್ ಬಿಯ ಹೊರಮೈ ಪ್ರೋಟೀನನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅವರೇ ಚೆನ್ನೈನ ಸಂಶೋಧಕರ ಜೊತೆ ಸೇರಿ ಅದನ್ನು ಪರೀಕ್ಷಿಸಿದ್ದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ವರದಿ ಬಹಳ ಆಸೆ ಹುಟ್ಟಿಸಿತ್ತು. ನಂತರ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ. ಇಂದು ಟೆನೊಫೊವಿರ್, ಎಂಟೆಕಾವಿರ್‌ನಂಥ ಮಾತ್ರೆಗಳು ವೈರಸ್ಸನ್ನು ವರ್ಷಗಟ್ಟಲೆ ಅದುಮಿಡುತ್ತವೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಡಿಎನ್‌ಎ ಪ್ರಮಾಣ, ಎಎಲ್‌ಟಿ, ಲಿವರ್‌ನ ಸ್ಥಿತಿ ನೋಡಿ ತೀರ್ಮಾನವಾಗುತ್ತದೆ. ದಯವಿಟ್ಟು ಈ ಎಳೆಯಲ್ಲಿ ಮದ್ದಿನ ಸಲಹೆ ಬೇಡ.

ಕಾರ್ಕಳದಣ್ಣ

ಎಲ್ಲರಿಗೂ ತಿಳಿಸುದು ನನ್ನ ಕರ್ತವ್ಯ. ಆಂಟಿ-ಎಚ್‌ಬಿಸಿ ಟೋಟಲ್ ನೆಗೆಟಿವ್. ಎಚ್‌ಬಿವಿ ಡಿಎನ್‌ಎ ‘ನಾಟ್ ಡಿಟೆಕ್ಟೆಡ್’. ಎಎಲ್‌ಟಿ ನಾರ್ಮಲ್. ಲಸಿಕೆಯಿಂದ ಒಂದು ತಿಂಗಳು ದಾಟಿದ ಮೇಲೆ ಅದೇ ವಿಧಾನದಲ್ಲಿ ಎಚ್‌ಬಿಎಸ್‌ಎಜಿ ಮಾಡಿಸಿದ್ವಿ, ನಾನ್ ರಿಯಾಕ್ಟಿವ್. ಸಂಖ್ಯೆ 0.3ಕ್ಕೆ ಇಳಿದಿದೆ. ಸೂಜಿ ಚುಚ್ಚಿದ್ದು ಅಂಥದ್ದು ಏನೂ ಇರಲಿಲ್ಲ ಅಂತ ತಂಗಿ ಖಾತ್ರಿಯಾಗಿ ಹೇಳಿದ್ದಾಳೆ. ಗ್ಯಾಸ್ಟ್ರೊ ಡಾಕ್ಟರು ಪತ್ರ ಬರೆದು ಕೊಟ್ಟಿದ್ದಾರೆ.

ಆದ್ರೆ ಮೆಡಿಕಲ್‌ನ ‘ಅನ್‌ಫಿಟ್’ ಇನ್ನೂ ಹಾಗೇ ಉಂಟು. ಏಜೆನ್ಸಿಯವ ಫೋನ್ ಎತ್ತುದಿಲ್ಲ. ಗಲ್ಫ್‌ನಲ್ಲಿರುವ ಯಾರಾದ್ರೂ ಹೇಳಿ.

ಮಸ್ಕತ್ ಬಂಟ್ವಾಳ

ಅಣ್ಣ, ಏಜೆನ್ಸಿಯವನನ್ನು ಕಾಯಬೇಡಿ. ತಂಗಿಯೇ ಮೆಡಿಕಲ್ ಸೆಂಟರ್‌ಗೆ ಖುದ್ದು ಹೋಗಿ ಅಲ್ಲಿನ ಡಾಕ್ಟರನ್ನು ಕಾಣಲಿ. ಕೌಂಟರ್‌ನಲ್ಲಿ ವಾದ ಮಾಡಿ ಉಪಯೋಗ ಇಲ್ಲ. ಲಸಿಕೆ ಕಾರ್ಡ್ ಇರಲಿ, ಅದರಲ್ಲಿ ಬ್ರ್ಯಾಂಡ್, ಬ್ಯಾಚ್ ನಂಬರ್, ತಾರೀಖು, ಆಸ್ಪತ್ರೆಯ ಸೀಲು ಇರಬೇಕು. ಕೆಲಸಕ್ಕೆ ಸೇರುವಾಗಿನ ನೆಗೆಟಿವ್ ರಿಪೋರ್ಟ್, ಈಗಿನ ಎಲ್ಲ ರಿಪೋರ್ಟ್, ಡಾಕ್ಟರ ಪತ್ರ. ಎಲ್ಲದರ ಜೆರಾಕ್ಸ್ ಕೊಟ್ಟು, ಮೂಲ ಕೈಯಲ್ಲೇ ಇಟ್ಕೊಳ್ಳಿ. ಮರುಪರೀಕ್ಷೆಗೆ ಬರಹದಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ತಗೊಳ್ಳಿ. ಸೌದಿಯಲ್ಲಿ ಕೆಲಸ ಕೊಡುವ ಆಸ್ಪತ್ರೆಯ ಎಚ್‌ಆರ್‌ನವರಿಗೂ ಅದೇ ಕಾಗದಗಳನ್ನು ಮೇಲ್ ಮಾಡಿ. ಅವರೂ ಆಸ್ಪತ್ರೆಯವರೇ, ಲಸಿಕೆಯ ವಿಷಯ ಏಜೆನ್ಸಿಯವನಿಗಿಂತ ಬೇಗ ಅರ್ಥ ಆಗ್ತದೆ.

ಗಲ್ಫಿಗೆ ಹೊರಟ ನಮ್ಮ ಊರಿನ ಹುಡುಗ ಹುಡುಗಿಯರಿಗೆ ಒಂದು ಮಾತು. ಹೆಪಟೈಟಿಸ್ ಬಿ ಲಸಿಕೆ ಖಂಡಿತ ಹಾಕಿಸಿ. ಆದ್ರೆ ಮೆಡಿಕಲ್ ಮುಗಿದ ಮೇಲೆ ಹಾಕಿಸಿ, ಇಲ್ಲದಿದ್ರೆ ಮೆಡಿಕಲ್‌ಗೆ ತಿಂಗಳು ಮುಂಚೆ ಹಾಕಿಸಿ. ಹೋಗುವ ಗಡಿಬಿಡಿಯಲ್ಲಿ ಎರಡನ್ನೂ ಒಂದೇ ವಾರಕ್ಕೆ ಸೇರಿಸಬೇಡಿ.

ತುಮಕೂರು ಅಮ್ಮ

ನಮ್ಮ ವಿಷಯ ಸ್ವಲ್ಪ ಬೇರೆ, ಆದ್ರೂ ಕೇಳ್ತೀನಿ. ನನಗೆ ಹೆಪಟೈಟಿಸ್ ಬಿ ಇದೆ ಅಂತ ಬಸುರಿಯಿದ್ದಾಗ ಗೊತ್ತಾಯ್ತು. ಮಗು ಹುಟ್ಟಿದ ದಿನವೇ ಲಸಿಕೆ ಜೊತೆ ಇನ್ನೊಂದು ಇಂಜೆಕ್ಷನ್, ಇಮ್ಯುನೊಗ್ಲೋಬುಲಿನ್, ಕೊಟ್ರು. ಈಗ ಮಗುವಿಗೆ ಮೂರು ತಿಂಗಳು. ಮನಸ್ಸು ತಡೀದೆ ಖಾಸಗಿ ಲ್ಯಾಬಲ್ಲಿ ‘ಹೆಪಟೈಟಿಸ್ ಪ್ರೊಫೈಲ್’ ಮಾಡಿಸಿದ್ವಿ. ಎಚ್‌ಬಿಎಸ್‌ಎಜಿ ನೆಗೆಟಿವ್, ಆದ್ರೆ ಕೋರ್ ಆಂಟಿಬಾಡಿ ಪಾಸಿಟಿವ್ ಅಂತ ಬಂದಿದೆ. ಮೇಲೆ ಡಾಕ್ಟರಮ್ಮ ‘ಕೋರ್ ಬಂದ್ರೆ ನಿಜವಾದ ಸೋಂಕು’ ಅಂತ ಬರೆದಿದ್ದಾರಲ್ಲ. ಎದೆ ಒಡೆದುಹೋಗಿದೆ.

ಮೈಸೂರು ಫಿಸಿಶಿಯನ್

ಅಮ್ಮಾ, ನಾನು ಬರೆದದ್ದು ದೊಡ್ಡವರ ವಿಷಯ. ನಿಮ್ಮ ಮಗುವಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ರಕ್ತದಲ್ಲಿರುವ ಕೋರ್ ಪ್ರತಿಕಾಯ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗಿದೆ. ಅದು ಮಗು ತಾನೇ ತಯಾರಿಸಿದ್ದಲ್ಲ, ನಿಮ್ಮದೇ. ಎರಡು ವರ್ಷದವರೆಗೂ ಉಳಿಯಬಹುದು. ಆದ್ದರಿಂದಲೇ ಇಂಥ ಮಕ್ಕಳಲ್ಲಿ ಆ ಪರೀಕ್ಷೆ ಮಾಡಬಾರದು ಎನ್ನುತ್ತಾರೆ.

ಆಂಟಿ-ಎಚ್‌ಬಿಎಸ್, ಅಂದರೆ ರಕ್ಷಣೆ ಕೊಡುವ ಪ್ರತಿಕಾಯವನ್ನೂ ಈಗ ನೋಡಿ ಪ್ರಯೋಜನವಿಲ್ಲ. ಇಮ್ಯುನೊಗ್ಲೋಬುಲಿನ್ ಎಂದರೆ ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ. ಅದು ತಿಂಗಳುಗಟ್ಟಲೆ ಇರುತ್ತದೆ. ಈಗ ಪಾಸಿಟಿವ್ ಬಂದರೂ ಅದು ಲಸಿಕೆಯ ಫಲವೋ, ಹೊರಗಿನಿಂದ ಕೊಟ್ಟದ್ದೋ ತಿಳಿಯದು. ಇತ್ತ ಹುಟ್ಟಿದ ಕೂಡಲೇ ಲಸಿಕೆ ಆದ ಶಿಶುವಿನಲ್ಲಿ ಎಚ್‌ಬಿಎಸ್‌ಎಜಿ ಕೆಲವು ದಿನ ಕಾಣಿಸಿಕೊಳ್ಳುವುದೂ ಉಂಟು.

ಮಗುವಿಗೆ 6, 10, 14 ವಾರದ ಪೆಂಟಾವೇಲೆಂಟ್ ತಪ್ಪಿಸಬೇಡಿ, ಅದರಲ್ಲೂ ಹೆಪಟೈಟಿಸ್ ಬಿ ಲಸಿಕೆ ಸೇರಿದೆ. 9ರಿಂದ 12 ತಿಂಗಳ ನಡುವೆ ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಎಸ್, ಇವೆರಡೇ ಮಾಡಿಸಿ. ಹುಟ್ಟಿದ ದಿನವೇ ಎರಡೂ ಇಂಜೆಕ್ಷನ್ ಸಿಕ್ಕಿದೆ ಎಂದರೆ ನಿಮ್ಮ ಮಗುವಿಗೆ ಸಿಗಬೇಕಾದ ಅತಿ ಮುಖ್ಯ ರಕ್ಷಣೆ ಸಮಯಕ್ಕೆ ಸಿಕ್ಕಿದೆ. ಎದೆಹಾಲು ಧಾರಾಳವಾಗಿ ಕೊಡಿ. ನಿಮ್ಮ ಲಿವರ್ ತಪಾಸಣೆಯನ್ನು ಮಾತ್ರ ಮರೆಯಬೇಡಿ. ಮಗುವಿನ ಗಡಿಬಿಡಿಯಲ್ಲಿ ತಾಯಂದಿರು ತಮ್ಮದನ್ನು ಬಿಟ್ಟೇಬಿಡುತ್ತಾರೆ.

ತುಮಕೂರು ಅಮ್ಮ

ಕಣ್ಣೀರು ಬಂತು ಮೇಡಂ. ನಿಮ್ಮ ಹೊಟ್ಟೆ ತಣ್ಣಗಿರಲಿ. ನನ್ನ ಚೆಕಪ್‌ಗೂ ಹೋಗ್ತೀನಿ.

ಕಲಬುರಗಿ ಸಿಸ್ಟರ್

ನಂದೂ ಒಂದು ಡೌಟ್ ಅದ ಮೇಡಂ. ಪೇಷಂಟಿಗೆ ಚುಚ್ಚಿದ ಸೂಜಿ ಕೈಗೆ ತಾಕಿ, ಇಮ್ಯುನೊಗ್ಲೋಬುಲಿನ್ ಮತ್ತ ಲಸಿಕೆ ಎರಡೂ ಕೊಟ್ಟಾರ. ಸ್ವಲ್ಪ ದಿನಕ್ಕೇ ಟೈಟರ್ (ಆಂಟಿ-ಎಚ್‌ಬಿಎಸ್ ಪ್ರಮಾಣ) ಮಾಡಸಿದ್ರ ಭಾಳ ಚಲೋ ಬಂದದ. ಇನ್ನ ಮುಂದಿನ ಡೋಸ್ ಬೇಡ ಅಂತ ಬಿಟ್ಟರ ನಡೀತದೇನು?

ಮೈಸೂರು ಫಿಸಿಶಿಯನ್

ಬಿಡಬೇಡಿ ಸಿಸ್ಟರ್. ತುಮಕೂರಿನವರ ಮಗುವಿಗೆ ಹೇಳಿದ್ದೇ ಇಲ್ಲಿಗೂ. ಆ ಟೈಟರ್ ಇಮ್ಯುನೊಗ್ಲೋಬುಲಿನ್‌ನದು. ಕೆಲವು ತಿಂಗಳಲ್ಲಿ ಇಳಿದುಹೋಗುತ್ತದೆ, ಆಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಲಸಿಕೆಯ ಕೋರ್ಸ್ ಪೂರ್ತಿ ಮಾಡಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳು, ಜೊತೆಗೆ ಇಮ್ಯುನೊಗ್ಲೋಬುಲಿನ್ ಕೊಟ್ಟು ಆರು ತಿಂಗಳು, ಇವೆರಡೂ ದಾಟಿದ ಮೇಲೆ ಟೈಟರ್ ನೋಡಿ. ಒಂದು ಮಿಲಿಲೀಟರ್‌ಗೆ 10 ಮಿಲಿ-ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದರ್ಥ. ಸೂಜಿ ತಾಕಿದ್ದರಿಂದ ಆರು ತಿಂಗಳಿಗೆ ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಸಿಯನ್ನೂ ನೋಡಿಬಿಡಿ.

ಕೊಪ್ಪದ ಹುಡುಗ

ನಂದೊಂದು ಪ್ರಶ್ನೆ. ಹೆಪಟೈಟಿಸ್ ಎ, ಸಿ ಲಸಿಕೆಯಲ್ಲೂ ಹೀಗೇ ಆಗ್ತದಾ?

ಹುಬ್ಬಳ್ಳಿ ಲ್ಯಾಬ್

ಸಿಗೆ ಲಸಿಕೆನೇ ಇಲ್ಲ ತಮ್ಮಾ. ಹಂಗಾಗಿ ಆಂಟಿ-ಎಚ್‌ಸಿವಿ (ಸಿ ವೈರಸ್ಸಿನ ವಿರುದ್ಧದ ಪ್ರತಿಕಾಯ) ಪಾಸಿಟಿವ್ ಬಂದ್ರ ‘ಹೆಪಟೈಟಿಸ್ ಲಸಿಕೆ ಹಾಕಿಸಿದ್ದೆ, ಅದಕ್ಕ’ ಅಂತ ಯಾರಾದ್ರೂ ಅಂದ್ರ ನಂಬಬ್ಯಾಡ್ರಿ. ವೈರಸ್ಸನ್ನೇ ಹುಡಕೋ ಎಚ್‌ಸಿವಿ ಆರ್‌ಎನ್‌ಎ ಮಾಡಸ್ರಿ. 1991ರಾಗ ಅಮೆರಿಕಾದಾಗ ಫ್ಲೂ ಲಸಿಕೆ ಹಾಕಿಸಿಕೊಂಡ ಕೆಲ ರಕ್ತದಾನಿಗಳಿಗೆ ಎಚ್‌ಐವಿ, ಹೆಪಟೈಟಿಸ್ ಸಿ ಪರೀಕ್ಷೆದಾಗ ಸುಳ್ಳು ಪಾಸಿಟಿವ್ ಬಂದಿತ್ತು. ಅದು ಬ್ಯಾರೆ ನಮೂನಿದು, ಅಲ್ಲಿ ಮಷೀನು ಬ್ಯಾರೆ ಏನನ್ನೋ ನೋಡಿ ಎಡವಿತ್ತು.

ಎ ಲಸಿಕೆ ಹಾಕಿಸಿದ ಹೊಸದರಾಗ ಕೆಲವರಿಗೆ ಐಜಿಎಂ ಪಾಸಿಟಿವ್ ಬರ್ತದ. ಐಜಿಎಂ ಅಂದ್ರ ಮೊದಮೊದಲ ಬರೋ ಪ್ರತಿಕಾಯ, ಹಂಗಾಗಿ ಅದನ್ನ ಹೊಸಾ ಸೋಂಕು ಅಂತ ಓದೋದು ರೂಢಿ. ಜ್ವರ ಇಲ್ಲ, ಕಣ್ಣು ಹಳದಿ ಇಲ್ಲ, ಎಎಲ್‌ಟಿ ನಾರ್ಮಲ್ ಐತಿ ಅಂದ್ರ ಲಸಿಕೆ ಯಾವಾಗ ಹಾಕಿಸಿದ್ರಿ ಅಂತ ಮೊದಲ ಕೇಳಬೇಕು. ಇದನ್ನ ಲ್ಯಾಬಿನ ನಾವೂ ಕೇಳಬೇಕು. ರಕ್ತ ತಗಿಯೋವಾಗ ಊಟ ಆತೇನು ಅಂತ ಕೇಳ್ತೀವಿ, ಲಸಿಕೆ ಆತೇನು ಅಂತ ಕೇಳಂಗಿಲ್ಲ. ನಮ್ಮ ಲ್ಯಾಬಿನ ಫಾರ್ಮಿನ್ಯಾಗ ಆ ಸಾಲು ಸೇರಸ್ರಿ ಅಂತ ಹಿರಿಯಾರಿಗೆ ಹೇಳೇನಿ.

ಕಾರ್ಕಳದಣ್ಣ

ಮಸ್ಕತ್ ಅಣ್ಣ ಹೇಳಿದ ಹಾಗೆ ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಸಿಕ್ಕಿದೆ. ಮರುಪರೀಕ್ಷೆಯ ದಿನ ಇನ್ನೂ ತಿಳಿಸಲಿಲ್ಲ. ಡಾಕ್ಟ್ರೇ, ಎರಡನೇ ಡೋಸ್‌ನ ದಿನ ಆಗಲೇ ಕಳೆದುಹೋಯಿತಲ್ಲ. ಮೊದಲಿನಿಂದ ಹಾಕಿಸಬೇಕಾ?

ಮೈಸೂರು ಫಿಸಿಶಿಯನ್

ಬೇಕಿಲ್ಲ. 0, 1, 6 ತಿಂಗಳು ಎಂಬುದು ಮಾಮೂಲಿ ಲೆಕ್ಕ. ತಡವಾದರೆ ಮೊದಲನೇ ಡೋಸ್ ವ್ಯರ್ಥವಾಗುವುದಿಲ್ಲ, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಸಿದರೆ ಸಾಕು. ಮರುಪರೀಕ್ಷೆಗೆ ರಕ್ತ ಕೊಟ್ಟ ದಿನವೇ ಅಲ್ಲಿಂದ ನೇರವಾಗಿ ಹೋಗಿ ಎರಡನೆಯದನ್ನು ಹಾಕಿಸಲಿ. ಎರಡನೆಯದಕ್ಕೂ ಮೂರನೆಯದಕ್ಕೂ ಕನಿಷ್ಠ ಎಂಟು ವಾರ, ಮೊದಲನೆಯದಕ್ಕೂ ಮೂರನೆಯದಕ್ಕೂ ಕನಿಷ್ಠ ಹದಿನಾರು ವಾರ ಅಂತರವಿರಲಿ. ಮೂರನೆಯದು ಸೌದಿಯಲ್ಲೇ ಬಿದ್ದರೂ ಪರವಾಗಿಲ್ಲ, ಕಾರ್ಡ್ ಜೊತೆಗಿರಲಿ. ಅಲ್ಲಿಗೆ ಇಳಿದ ಮೇಲೆ ಇನ್ನೊಂದು ಮೆಡಿಕಲ್ ಇದ್ದರೆ, ಅದು ಯಾವಾಗ ಎಂದು ಮೊದಲೇ ಕೇಳಿಕೊಂಡು ಡೋಸ್‌ನ ದಿನ ಹೊಂದಿಸಿಕೊಳ್ಳಿ.